ಅದರಗುಂಚಿಯ ರಾಜಮ್ಮ



ಅದರಗುಂಚಿ ಅಂದ ಕೂಡಲೇ ಎಲ್ಲರಿಗೂ 1953ರಲ್ಲಿ ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತ ಶಂಕರಗೌಡರು ನೆನಪಾಗುತ್ತಾರೆ. ಅದೇ ಊರಿನಲ್ಲಿ 1914ರಲ್ಲಿ ರಾಜಮ್ಮ ಅಂತ ಒಬ್ಬ ಹುಡುಗಿ ಹುಟ್ಟಿದಳು. ನಮ್ಮ ಹಳೇ ಹುಬ್ಬಳ್ಳಿಯಿಂದ ಆ ಊರು ಬಹಳ ದೂರ ಏನಿಲ್ಲ. ಆದರೂ ಅವರ ಹೆಸರು ನಮ್ಮ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರೇ ಶಾಂತಾ ಹುಬ್ಳೀಕರ.

ರಾಜಮ್ಮ ಸಣ್ಣವಳಿದ್ದಾಗಲೇ ತಂದೆ ತಾಯಿ ತೀರಿಕೊಂಡರು. ಹಾಡುವ ಕಂಠ ಚೆನ್ನಾಗಿತ್ತು. ಮುಂದೆ ನಾಟಕ ಕಂಪನಿ ಸೇರಿದರು. ಆಗಿನ ಕಾಲದಾಗ ಹೆಣ್ಣುಮಕ್ಕಳು ನಾಟಕಕ್ಕೆ ಹೋದ್ರೆ ಜನ ಸುಮ್ಮನಿರ್ತಿರಲಿಲ್ಲ. ಎಷ್ಟೋ ಕಂಪನಿಗಳಲ್ಲಿ ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು.

ಆಗ ಹುಬ್ಬಳ್ಳಿ ಮುಂಬೈ ಪ್ರಾಂತದಲ್ಲಿತ್ತು. ಮಾತಾಡುವ ಸಿನಿಮಾ ಆಗಷ್ಟೇ ಶುರುವಾಗಿತ್ತು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಬಂದದ್ದೇ 1934ರಲ್ಲಿ. ಅದರ ಮುಂದಿನ ವರ್ಷವೇ ಶಾಂತಾ ಕೊಲ್ಲಾಪುರದಲ್ಲಿ ತಯಾರಾದ 'ಕಾಲಿಯಾ ಮರ್ದನ'ದಲ್ಲಿ ಪಾತ್ರ ಮಾಡಿದರು. ಆಮೇಲೆ ಪುಣೆಯ ಪ್ರಭಾತ್ ಕಂಪನಿಗೆ ಹೋದರು. ಪ್ರಭಾತ್ ಅಂದರೆ ಆಗ ಬಹಳ ದೊಡ್ಡ ಹೆಸರು. ಅದರ ಸ್ಟುಡಿಯೋ ಇದ್ದ ಜಾಗದಲ್ಲೇ ಈಗ ಸಿನಿಮಾ ಕಲಿಸುವ ಸರಕಾರಿ ಸಂಸ್ಥೆ ಇದೆ. ಮರಾಠಿಯಲ್ಲಿ ಊರಿನ ಹೆಸರಿಗೆ 'ಕರ' ಸೇರಿಸಿದರೆ ಆ ಊರವರು ಅಂತ ಅರ್ಥ. ಹಾಗಾಗಿ ಅವರು ಎಲ್ಲಿ ಹೋದರೂ ನಮ್ಮ ಹುಬ್ಬಳ್ಳಿ ಅವರ ಜೋಡಿ ಹೋಯಿತು!

1938ರಲ್ಲಿ 'ಮಾಝಾ ಮುಲಗಾ' ಬಂತು. ಆದರೆ ಅವರ ಹೆಸರು ನಿಂತದ್ದು 1939ರ 'ಮಾಣೂಸ್'ದಿಂದ. ನಿರ್ದೇಶಕರು ವಿ. ಶಾಂತಾರಾಮ್. ಹಿಂದಿಯಲ್ಲಿ ಅದೇ 'ಆದ್ಮಿ'. ಅದರಲ್ಲಿ ಅವರದು ಮೈನಾ ಎಂಬ ವೇಶ್ಯೆಯ ಪಾತ್ರ. ಇದನ್ನು ಗೋಡೆ ಪತ್ರಿಕೆಯಲ್ಲಿ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಬರೀದಿದ್ರೆ ಅವರು ಮಾಡಿದ್ದು ಎಂಥಾ ಕೆಲಸ ಅಂತ ತಿಳಿಯೋದೇ ಇಲ್ಲ. ಗಣಪತ್ ಎಂಬ ಪೊಲೀಸನಿಗೆ ಮೈನಾಳ ಮೇಲೆ ಮನಸ್ಸಾಗುತ್ತದೆ. ಮದುವೆಯಾಗಿ ಮರ್ಯಾದೆಯಿಂದ ಬಾಳೋಣ ಅನ್ನುತ್ತಾನೆ. ಆಕೆಗೂ ಆಸೆ ಇದೆ, ಆದರೆ ಹಳೆಯ ಬದುಕು ಬೆನ್ನು ಬಿಡುವುದಿಲ್ಲ. ಕಡೆಗೆ ಒಂದು ಕೊಲೆ ಆಗಿ ಜೇಲಿಗೆ ಹೋಗುತ್ತಾಳೆ. ಗಣಪತ್ ಬಿಡಿಸಿಕೊಂಡು ಹೋಗ್ತೀನಿ ಅಂದರೂ ಆಕೆ ಒಲ್ಲೆ ಅಂತಾಳೆ. ಅದಕ್ಕೂ ಮೊದಲು ಬಂದ 'ದೇವದಾಸ್'ದಲ್ಲಿ ನಾಯಕ ಪ್ರೀತಿ ಸಿಗಲಿಲ್ಲ ಅಂತ ಕುಡಿದು ಸಾಯುತ್ತಾನೆ. ಅದು ಶಾಂತಾರಾಮರಿಗೆ ಸೇರಲಿಲ್ಲ. ಬದುಕಬೇಕು ಅಂತ ತೋರಿಸೋಕೆ ಈ ಚಿತ್ರ ಮಾಡಿದರು. ನನಗಂತೂ ಗಣಪತ್‌ಗಿಂತ ಮೈನಾನೇ ಗಟ್ಟಿ ಅನಿಸಿತು.

ಆಗ ನಟಿಯರೇ ಹಾಡಬೇಕಿತ್ತು. ಈ ಚಿತ್ರದಲ್ಲಿ ಹಲವು ಭಾಷೆ ಬೆರೆಸಿದ ಒಂದು ಹಾಡನ್ನು ಶಾಂತಾ ತಾವೇ ಹಾಡಿದರು. ನಾಳಿನ ಮಾತು ಯಾಕೆ ಅಂತ ಅದರ ಅರ್ಥ. ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದು. ಮಹಾರಾಷ್ಟ್ರದಲ್ಲಿ ಆ ಹಾಡು ಮನೆಮಾತಾಯಿತು.

ಕನ್ನಡದಲ್ಲಿ ಅವರು 1942ರಲ್ಲಿ ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲಿ ಅಭಿನಯಿಸಿದರು. ಮದುವೆ, ಮಗ, ಸಂಸಾರ ಆಯಿತು. ಪಾತ್ರಗಳು ಕಡಿಮೆಯಾದವು. 1958ರ ಹೊತ್ತಿಗೆ ಒಂದೆರಡು ಚಿತ್ರ ಅಷ್ಟೇ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಇವರಿಗಿಂತ ಒಂದೇ ವರ್ಷ ದೊಡ್ಡವರು. ಅವರಿಗೆ ಪದ್ಮವಿಭೂಷಣ ಬಂತು, ಅವರ ಹೆಸರಿನ ಗುರುಕುಲ ಹುಬ್ಬಳ್ಳಿಯಲ್ಲಿದೆ. ಅದು ಸಂತೋಷವೇ. ಶಾಂತಾ ಅವರು ಮಾತ್ರ ಮುಪ್ಪಿನಲ್ಲಿ ಆಶ್ರಮ ಸೇರಬೇಕಾಯಿತು. ಒಂದು ಕಾಲಕ್ಕೆ ಜನ ಥೇಟರಿನ ಮುಂದೆ ಸಾಲು ನಿಂತು ನೋಡಿದ ಮುಖವನ್ನು ಆಮೇಲೆ ಯಾರೂ ಗುರುತು ಹಿಡಿಯಲಿಲ್ಲ. ಇದು ಓದಿ ನನಗೆ ಸಿಟ್ಟು ಬಂತು.

ಅವರು ತಮ್ಮ ಕಥೆಯನ್ನು ಮರಾಠಿಯಲ್ಲಿ ಪುಸ್ತಕ ಮಾಡಿದರು. ಅದಕ್ಕೆ ಅದೇ ಹಾಡಿನ ಹೆಸರು, 'ಕಶಾಲಾ ಉದ್ಯಾಚೀ ಬಾತ್' ಅಂತ ಇಟ್ಟರು. 1992ರ ಜುಲೈ 17ರಂದು ತೀರಿಕೊಂಡರು. 'ಆದ್ಮಿ' ಈಗ ಮೊಬೈಲಿನಲ್ಲೇ ಸಿಗುತ್ತದೆ. ಹಳೆಯದು, ಕಪ್ಪು ಬಿಳುಪು, ದನಿ ಸ್ವಲ್ಪ ಗೊರಗೊರ ಅಂತದ.

– 7ನೇ ಇಯತ್ತೆಯ ವಿದ್ಯಾರ್ಥಿನಿ