ಉಳಿದ ಎರಡು ಕೈಗಳು

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರನ್ನು ನೀವು ನೋಡಿರಬಹುದು. ರೋಗ ಹತೋಟಿಗೆ ಬಂದಿದೆ. ಆದರೆ ಪಾದ ಸದಾ ಜೋಮು ಹಿಡಿದಂತೆ, ಅಂಗಿಯ ಗುಂಡಿ ಹಾಕಲು ಬೆರಳು ಬಾರದು. ವಿನ್‌ಕ್ರಿಸ್ಟಿನ್, ಸಿಸ್‌ಪ್ಲಾಟಿನ್ ಮುಂತಾದ ಕೆಲವು ಔಷಧಗಳು ಕೈಕಾಲಿನ ನರಗಳನ್ನೂ ಘಾಸಿಗೊಳಿಸುವುದುಂಟು. ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದು ನಾವು ಸುಮ್ಮನಾಗುತ್ತೇವೆ. ಸಾಲದು ಎಂದು ತೋರಿಸಿದವರು ವೆಲ್ಲೂರಿನ ಡಾ. ಮೇರಿ ವರ್ಗೀಸ್.

1925ರಲ್ಲಿ ಕೇರಳದಲ್ಲಿ ಹುಟ್ಟಿದ ಮೇರಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯೆಯಾದರು. 1954ರಲ್ಲಿ ನಡೆದ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಿತು. ಆಗ ಅವರಿಗೆ 28 ವರ್ಷ.

ಅದೇ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗದಿಂದ ನರ ಸತ್ತು ಮಡಚಿಕೊಂಡ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದರು. ಆ ಕೆಲಸ ಕುಳಿತೇ ಮಾಡುವಂಥದ್ದು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಅದನ್ನು ಕಲಿತರು. ಮುಂದೆ ಆಸ್ಟ್ರೇಲಿಯದ ಪರ್ತ್‌ನಲ್ಲಿ ತಾವೇ ಪುನಶ್ಚೇತನ ಚಿಕಿತ್ಸೆ ಪಡೆದರು; ನ್ಯೂಯಾರ್ಕಿನಲ್ಲಿ ಆ ಶಾಸ್ತ್ರವನ್ನೇ ಅಭ್ಯಾಸ ಮಾಡಿ ವೆಲ್ಲೂರಿಗೆ ಮರಳಿ ಆ ವಿಭಾಗದ ಹೊಣೆ ಹೊತ್ತರು. 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಸಂದಿತು. 1986ರಲ್ಲಿ ಅವರು ತೀರಿಕೊಂಡರು. ದೇವರು ಕಾಲು ಮರಳಿ ಕೊಡಲೆಂದು ಕಾಯುತ್ತ ಕೂರದೆ, ಉಳಿದ ಎರಡು ಕೈಗಳನ್ನೇ ಸೇವೆಗೆ ಅರ್ಪಿಸಿದ ಬಾಳು ಅದು.

ಅವರು ಬೆಳೆಸಿದ ವೈದ್ಯಶಾಖೆಯೇ ಇಂದು ಕೀಮೋಥೆರಪಿಯಿಂದ ನರ ಘಾಸಿಗೊಂಡವರಿಗೂ ನೆರವಾಗುತ್ತದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇಷ್ಟನ್ನು ನೆನಪಿಡಿ. ಜೋಮು, ಉರಿ ಕಂಡೊಡನೆ ವೈದ್ಯರಿಗೆ ತಿಳಿಸಿ. ಅವರು ಔಷಧದ ಪ್ರಮಾಣ ಬದಲಿಸಬಹುದು, ನೀವಾಗಿ ನಿಲ್ಲಿಸಬೇಡಿ. ಸಮತೋಲನದ ಮತ್ತು ಬೆರಳುಗಳ ವ್ಯಾಯಾಮವನ್ನು ಫಿಜಿಯೋಥೆರಪಿಯವರಿಂದ ಕಲಿಯಿರಿ. ಬರಿಗಾಲಲ್ಲಿ ನಡೆಯಬೇಡಿ, ದಿನವೂ ಅಂಗಾಲನ್ನು ಪರೀಕ್ಷಿಸಿ, ಏಕೆಂದರೆ ಮುಳ್ಳು ಚುಚ್ಚಿದರೂ ನೋವು ತಿಳಿಯದು. ಸ್ನಾನದ ನೀರಿನ ಬಿಸಿಯನ್ನು ಮನೆಯವರು ನೋಡಿ ಕೊಡಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ.

ಹಲವರಲ್ಲಿ ಈ ಜೋಮು ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ. ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತದೆ. ಉಳಿದರೂ ಬಾಳು ನಿಲ್ಲಬೇಕಿಲ್ಲ. ಗುಂಡಿ ಹಾಕಲು ಅವರಿಗೆ ಹೊತ್ತು ಹಿಡಿದರೆ ಅವಸರಪಡಿಸಬೇಡಿ, ಪಕ್ಕದಲ್ಲಿ ಕುಳಿತಿರಿ. ತಾವಾಗಿಯೇ ಹಾಕಿಕೊಳ್ಳಲಿ.