ಬಾಯಿ ಬಿಡಿಸುವ ವಿದ್ಯೆ ಮತ್ತು ಮೆಲ್ವಿಲ್ ಸಿನಿಮಾ

ಕ್ರೈಮ್ ಸಿನಿಮಾ ಅಂದ್ರೆ ಗನ್ನು, ಚೇಸು, ರೈನ್‌ಕೋಟು, ಟೋಪಿ. ಫ್ರಾನ್ಸಿನ ನಿರ್ದೇಶಕ ಝಾನ್-ಪಿಯೇರ್ ಮೆಲ್ವಿಲ್ ಸಿನಿಮಾಗಳಲ್ಲಿ ಇವೆಲ್ಲಾ ಧಾರಾಳವಾಗಿವೆ. ಆದರೆ ನಾನು ಮತ್ತೆ ಮತ್ತೆ ಅವುಗಳ ಕಡೆ ಹೋಗೋದು ಬೇರೆ ಕಾರಣಕ್ಕೆ. ಒಬ್ಬ ಮನುಷ್ಯನ ಬಾಯಿ ಬಿಡಿಸೋಕೆ ಅಧಿಕಾರ ಏನೇನು ಮಾಡುತ್ತೆ, ತನ್ನವರ ಹೆಸರು ಹೇಳದೇ ಇರೋಕೆ ಆ ಮನುಷ್ಯ ಎಷ್ಟು ಬೆಲೆ ತೆರಬೇಕಾಗುತ್ತೆ ಅನ್ನೋದನ್ನು ಇಷ್ಟು ತಣ್ಣಗೆ ತೋರಿಸಿದ ಇನ್ನೊಬ್ಬ ನಿರ್ದೇಶಕ ನಂಗೆ ಸಿಕ್ಕಿಲ್ಲ.

ಆತನಿಗೆ ಇದು ಬರೀ ಕಥೆಯ ವಸ್ತು ಆಗಿರಲಿಲ್ಲ. 1917ರಲ್ಲಿ ಪ್ಯಾರಿಸ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಝಾನ್-ಪಿಯೇರ್ ಗ್ರುಂಬಾಕ್. ನಾಜಿಗಳು ಫ್ರಾನ್ಸನ್ನು ಆಕ್ರಮಿಸಿಕೊಂಡಾಗ ಭೂಗತ ಪ್ರತಿರೋಧ ಚಳವಳಿ ಸೇರಿದ. ಅಲ್ಲಿ ಸ್ವಂತ ಹೆಸರು ಇಟ್ಕೊಂಡು ಓಡಾಡುವಂತಿರಲಿಲ್ಲ. ತನ್ನ ಮೆಚ್ಚಿನ ಅಮೆರಿಕನ್ ಕಾದಂಬರಿಕಾರ, 'ಮೊಬಿ ಡಿಕ್' ಬರೆದ ಹರ್ಮನ್ ಮೆಲ್ವಿಲ್ ಹೆಸರನ್ನು ಗುಪ್ತನಾಮ ಮಾಡ್ಕೊಂಡ. 1942ರಲ್ಲಿ ಅಣ್ಣ ಜಾಕ್, ಪೈರಿನೀಸ್ ಪರ್ವತ ದಾಟಿ ಸ್ಪೇನ್ ಕಡೆ ತಪ್ಪಿಸಿಕೊಂಡು ಹೋಗುವಾಗ, ದಾರಿ ತೋರಿಸೋಕೆ ಬಂದವನ ಕೈಯಲ್ಲೇ ಸತ್ತ. ತಮ್ಮ ಲಂಡನ್ ತಲುಪಿ, ಸ್ವತಂತ್ರ ಫ್ರೆಂಚ್ ಪಡೆ ಸೇರಿ ಇಟಲಿಯಲ್ಲಿ ಯುದ್ಧ ಮಾಡಿದ. ಯುದ್ಧ ಮುಗೀತು, ಗುಪ್ತನಾಮ ಮಾತ್ರ ಉಳಿದುಕೊಳ್ತು.

ಸಿನಿಮಾಗೆ ಬರೋದೂ ಸುಲಭ ಇರಲಿಲ್ಲ. ಸಹಾಯಕ ನಿರ್ದೇಶಕನಾಗೋಕೆ ಬೇಕಿದ್ದ ಯೂನಿಯನ್ ಕಾರ್ಡ್ ಸಿಗದಿದ್ದಾಗ ತಾನೇ ನಿರ್ಮಾಣ ಸಂಸ್ಥೆ ಕಟ್ಟಿದ. ಮೊದಲ ಚಿತ್ರಕ್ಕೆ ಆರಿಸ್ಕೊಂಡಿದ್ದು ಆಕ್ರಮಣದ ಕಾಲದಲ್ಲಿ ವೆರ್ಕೋರ್ ಅನ್ನೋ ಗುಪ್ತನಾಮದಲ್ಲಿ ಕದ್ದುಮುಚ್ಚಿ ಅಚ್ಚಾಗಿದ್ದ 'ಸಮುದ್ರದ ಮೌನ' ಕಥೆ. ಹಕ್ಕು ಕೊಡೋಕೆ ಲೇಖಕರಿಗೆ ಮನಸ್ಸಿರಲಿಲ್ಲ. ಮೆಲ್ವಿಲ್ ಒಂದು ಷರತ್ತು ಮುಂದಿಟ್ಟ: ಪ್ರತಿರೋಧದಲ್ಲಿ ಇದ್ದವರಿಗೇ ಮೊದಲು ಸಿನಿಮಾ ತೋರಿಸ್ತೀನಿ, ಅವರು ಬೇಡ ಅಂದ್ರೆ ನೆಗೆಟಿವ್ ಸುಟ್ಟುಹಾಕ್ತೀನಿ. ಅವರು ಒಪ್ಪಿದರು. 1949ರಲ್ಲಿ ಬಿಡುಗಡೆಯಾದ ಆ ಸಿನಿಮಾದ ಕಥೆಯೇ ಮಾತಾಡದೇ ಇರೋದರ ಬಗ್ಗೆ. ತಮ್ಮ ಮನೆಯಲ್ಲಿ ಬಂದು ಉಳಿದ ಜರ್ಮನ್ ಅಧಿಕಾರಿಯ ಜೊತೆ ಒಬ್ಬ ಮುದುಕ ಮತ್ತು ಅವನ ಅಣ್ಣನ ಮಗಳು ತುಟಿ ಬಿಚ್ಚೋದಿಲ್ಲ. ಅವರ ಕೈಲಿರೋ ಆಯುಧ ಅದೊಂದೇ.

ಆ ಮೌನ ಮುಂದೆ ಕ್ರೈಮ್ ಸಿನಿಮಾಗಳಿಗೂ ಬಂತು. 1960ರ ದಶಕದ ಆರಂಭದ 'ಲೆ ದುಲೋ' ಹೆಸರೇ ಪ್ಯಾರಿಸ್ ಕಳ್ಳರ ಭಾಷೆಯದ್ದು. ಟೋಪಿಗೂ ಅದೇ ಪದ, ಪೊಲೀಸರಿಗೆ ಸುದ್ದಿ ಮುಟ್ಟಿಸೋನಿಗೂ ಅದೇ ಪದ. 1967ರ 'ಲೆ ಸಮುರಾಯ್'ನಲ್ಲಿ ಬಾಡಿಗೆ ಕೊಲೆಗಾರನಾಗಿ ಅಲೆನ್ ಡೆಲೋನ್ ಇದ್ದಾರೆ. ಮೊದಲ ಹತ್ತು ನಿಮಿಷ ಹತ್ತಿರ ಹತ್ತಿರ ಒಂದು ಮಾತೂ ಇಲ್ಲ. ಅದರಲ್ಲಿ ಪೊಲೀಸ್ ಅಧಿಕಾರಿ ಕೊಲೆಗಾರನ ಗೆಳತಿಯ ಮನೆಗೆ ಹೋಗಿ, ಸಾಕ್ಷ್ಯ ಬದಲಿಸು, ಇಲ್ಲಾಂದ್ರೆ ನಿನ್ನ ಮಾನ ತೆಗೀತೀನಿ ಅನ್ನೋ ಧಾಟಿಯಲ್ಲಿ ಹೆದರಿಸ್ತಾನೆ. ಅವಳು ಜಗ್ಗೋದಿಲ್ಲ.

ನನ್ನ ಪ್ರಕಾರ ಮೆಲ್ವಿಲ್‌ನ ಇಡೀ ಕೆಲಸ ಅರ್ಥ ಆಗೋದು ಬೆನ್ನುಬೆನ್ನಿಗೆ ಬಂದ ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿದಾಗ. 1969ರ 'ನೆರಳುಗಳ ಸೈನ್ಯ' ಪ್ರತಿರೋಧ ಚಳವಳಿಯ ಕಥೆ, ಜೋಸೆಫ್ ಕೆಸೆಲ್ ಕಾದಂಬರಿ ಆಧಾರಿತ. ಸಿಮೋನ್ ಸಿನ್ಯೊರೆ ಮಾಡಿದ ಮಟಿಲ್ಡ್ ಪಾತ್ರ ಅದರಲ್ಲಿ ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಗಟ್ಟಿ. ಅವಳ ಒಂದೇ ದೌರ್ಬಲ್ಯ ಪರ್ಸಿನಲ್ಲಿರೋ ಮಗಳ ಫೋಟೋ. ಗೆಸ್ಟಾಪೊ ಕೈಗೆ ಫೋಟೋ ಸಿಗುತ್ತೆ. ಹೆಸರು ಹೇಳು, ಇಲ್ಲಾಂದ್ರೆ ಮಗಳನ್ನು ವೇಶ್ಯಾಗೃಹಕ್ಕೆ ಕಳಿಸ್ತೀವಿ ಅಂತಾರೆ. ಕೊನೆಗೆ ಅವಳನ್ನು ಗುಂಡಿಟ್ಟು ಕೊಲ್ಲೋದು ಅವಳ ಸಂಗಾತಿಗಳೇ. ಮರುವರ್ಷದ 'ಕೆಂಪು ವೃತ್ತ' ಆಭರಣದಂಗಡಿ ದರೋಡೆ ಕಥೆ. ಸುಮಾರು 25 ನಿಮಿಷದ ದರೋಡೆ ದೃಶ್ಯದಲ್ಲಿ ಮಾತೇ ಇಲ್ಲ ಅಂತ ಎಲ್ಲರೂ ಕೊಂಡಾಡ್ತಾರೆ, ಸರಿಯೇ. ಆದರೆ ಇನ್ನೊಂದು ದೃಶ್ಯ ನೋಡಿ. ಬೆಕ್ಕು ಸಾಕಿಕೊಂಡ, ಮೃದು ಮಾತಿನ ಪೊಲೀಸ್ ಕಮಿಷನರ್, ನೈಟ್‌ಕ್ಲಬ್ ಮಾಲೀಕನ ಬಾಯಿ ಬಿಡಿಸೋಕೆ ಅವನ ಮಗನನ್ನು ಬಂಧಿಸ್ತಾನೆ. ಹುಡುಗ ಆತ್ಮಹತ್ಯೆಗೆ ಯತ್ನಿಸ್ತಾನೆ.

ಒಂದು ಕಡೆ ಗೆಸ್ಟಾಪೊ, ಇನ್ನೊಂದು ಕಡೆ ಚುನಾಯಿತ ಗಣರಾಜ್ಯದ ಪೊಲೀಸು. ಎರಡೂ ಒಂದೇ ಅಂತ ಮೆಲ್ವಿಲ್ ಹೇಳ್ತಿಲ್ಲ, ಆತ ತನ್ನನ್ನು ಕರ್ಕೊಂಡಿದ್ದೇ ಬಲಪಂಥೀಯ ಅರಾಜಕತಾವಾದಿ ಅಂತ. ಆದರೆ ವಿದ್ಯೆ ಮಾತ್ರ ಒಂದೇ: ಆರೋಪಿಯನ್ನು ಮುಟ್ಟಬೇಡ, ಅವನು ಪ್ರೀತಿಸೋರನ್ನು ಮುಟ್ಟು. ಸರ್ಕಾರ ಬದಲಾದಾಗ ಈ ವಿದ್ಯೆ ತಾನಾಗೇ ಮರೆತುಹೋಗಲ್ಲ ಅನ್ನೋದನ್ನು ಭಾಷಣ ಇಲ್ಲದೆ ತೋರಿಸಿದ್ದು ಆತನ ದೊಡ್ಡತನ.

ಅವತ್ತಿನ ಯುವ ವಿಮರ್ಶಕರಿಗೆ ಇದು ಕಾಣಲಿಲ್ಲ. 1968ರ ಮೇ ತಿಂಗಳ ವಿದ್ಯಾರ್ಥಿ ದಂಗೆಯ ಬಿಸಿ ಆರಿರಲಿಲ್ಲ. 'ನೆರಳುಗಳ ಸೈನ್ಯ'ದಲ್ಲಿ ಡಿ ಗಾಲ್ ಪದಕ ತೊಡಿಸೋ ಒಂದು ಪುಟ್ಟ ದೃಶ್ಯ ಇತ್ತು. ಅಷ್ಟು ಸಾಕಾಯ್ತು. 'ಕಾಯೆ ದು ಸಿನೆಮಾ' ಪತ್ರಿಕೆ ಇದನ್ನು ಡಿ ಗಾಲ್ ಭಜನೆ ಅಂತ ತಳ್ಳಿಹಾಕ್ತು. ಗೊಡಾರ್‌ರಂಥ ಹೊಸ ಅಲೆಯ ನಿರ್ದೇಶಕರು ಹಿಂದೆ ಇದೇ ಮೆಲ್ವಿಲ್‌ನನ್ನು ಹಿರಿಯಣ್ಣ ಅಂತ ನೋಡಿದ್ರು, 1960ರ 'ಬ್ರೆತ್‌ಲೆಸ್'ನಲ್ಲಿ ಪಾತ್ರವನ್ನೂ ಕೊಟ್ಟಿದ್ರು. ಅಮೆರಿಕದ ಚಿತ್ರಮಂದಿರಗಳಿಗೆ ಆ ಸಿನಿಮಾ ಬಂದಿದ್ದು 37 ವರ್ಷ ಕಳೆದು, 2006ರಲ್ಲಿ. ಆ ವರ್ಷ ನ್ಯೂಯಾರ್ಕ್ ವಿಮರ್ಶಕರ ಕೂಟ ಅದಕ್ಕೆ ಅತ್ಯುತ್ತಮ ವಿದೇಶಿ ಚಿತ್ರ ಪ್ರಶಸ್ತಿ ಕೊಟ್ಟಿತು. ಮೆಲ್ವಿಲ್ 1973ರಲ್ಲೇ, 55ನೇ ವಯಸ್ಸಿಗೆ, ಪ್ಯಾರಿಸ್‌ನ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದಾಗ ಕುಸಿದು ತೀರಿಕೊಂಡಿದ್ದ.

ತಕರಾರೇ ಇಲ್ಲ ಅಂತಲ್ಲ. 13 ಸಿನಿಮಾಗಳಲ್ಲಿ ಮಟಿಲ್ಡ್‌ಳಂಥ ಹೆಣ್ಣುಪಾತ್ರ ಹುಡುಕಿದರೆ ಬೆರಳೆಣಿಕೆಯಷ್ಟೂ ಸಿಗಲ್ಲ. ಗಂಡಸರ ನಡುವಿನ ನಿಷ್ಠೆಯನ್ನು ಆತ ಕೆಲವೊಮ್ಮೆ ಪೂಜೆಯ ಮಟ್ಟಕ್ಕೆ ಒಯ್ತಾನೆ. ಆದರೂ ಒಂದು ಸಿನಿಮಾ ನೋಡುವಾಗ ಇದು ಯಾವ ಪಕ್ಷಕ್ಕೆ ಲಾಭ ಅಂತ ಮಾತ್ರ ಲೆಕ್ಕ ಹಾಕೋ ಚಾಳಿ ನಮ್ಮಲ್ಲೂ ಇದೆಯಲ್ಲ, ಅದಕ್ಕೆ ಮೆಲ್ವಿಲ್ ಒಳ್ಳೆ ಔಷಧಿ. ಶುರು ಮಾಡೋದಾದ್ರೆ ಮೊದಲು 'ಕೆಂಪು ವೃತ್ತ' ನೋಡಿ. ಆಮೇಲೆ 'ನೆರಳುಗಳ ಸೈನ್ಯ'. ಮಟಿಲ್ಡ್ ಪರ್ಸಿನಿಂದ ಆ ಫೋಟೋ ಹೊರಬಂದಾಗ, ನೈಟ್‌ಕ್ಲಬ್ ಮಾಲೀಕನ ಮಗ ತಾನಾಗೇ ನೆನಪಾಗ್ತಾನೆ.