ಕಡಲಿಗೆ ಕಟ್ಟ ಹಾಕಿದ ಕಾರ್ನೆಲಿಸ್ ಲೆಲಿ

ಹೊಳೆಗೆ ಕಟ್ಟ ಹಾಕಿ ಬೇಸಗೆಯಲ್ಲಿ ತೋಟಕ್ಕೆ ನೀರು ಹಾಯಿಸುವುದು ನಮ್ಮ ಕಡೆಯ ಕೃಷಿಕರಿಗೆ ಹೊಸತಲ್ಲ. ಮಳೆಗಾಲದ ಕಡಲ್ಕೊರೆತವೂ ನಮಗೆ ಹೊಸತಲ್ಲ. ಕಡಲಿಗೇ ಕಟ್ಟ ಹಾಕಲು ಹೊರಟವನೊಬ್ಬನ ಜೀವನವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ.

ಹಾಲೆಂಡಿನ ನೆಲದ ದೊಡ್ಡ ಪಾಲು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಏರಿ, ಕಾಲುವೆ, ರಸ್ತೆಗಳನ್ನು ಕಾಪಾಡುವುದೇ ಅಲ್ಲಿ ಸರಕಾರದ ಮೊದಲ ಕೆಲಸ. ಅದಕ್ಕೆಂದೇ 1798ರಲ್ಲಿ ಇಲಾಖೆಯೊಂದು ಹುಟ್ಟಿತು. ಇಂಥ ನಾಡಿನ ಆಮ್‌ಸ್ಟರ್‌ಡಾಂ ನಗರದಲ್ಲಿ ಲೆಲಿ 1854ರ ಸೆಪ್ಟೆಂಬರ್ 23ರಂದು ಜನಿಸಿದನು. 1875ರಲ್ಲಿ ಡೆಲ್ಫ್ಟ್‌ನಲ್ಲಿ ಓದು ಮುಗಿಸಿ ಇಂಜಿನಿಯರನಾದನು.

ಆಗ ನಾಡಿನ ನಡುವಿನವರೆಗೂ ಜೈಡರ್ ಜೀ ಎಂಬ ಕಡಲಿನ ಕವಲು ಚಾಚಿಕೊಂಡಿತ್ತು. ಬಿರುಗಾಳಿ ಎದ್ದರೆ ಸುತ್ತಲಿನ ಊರುಗಳಿಗೆ ಗಂಡಾಂತರ. ಇದರ ಬಾಯಿ ಮುಚ್ಚಬಹುದೇ ಎಂದು ನೋಡಲು 1886ರಲ್ಲಿ ಸಂಘವೊಂದು ಸ್ಥಾಪನೆಯಾಯಿತು. ಅದರ ಇಂಜಿನಿಯರನಾಗಿ ಲೆಲಿ ಕಡಲ ತಳದ ಮಣ್ಣನ್ನೂ ನೀರಿನ ಆಳವನ್ನೂ ಅಭ್ಯಸಿಸಿ 1891ರಲ್ಲಿ ಯೋಜನೆ ಸಿದ್ಧಪಡಿಸಿದನು. ಕವಲಿಗೆ ಅಡ್ಡವಾಗಿ ಕಟ್ಟೆ. ಒಳಗಿನ ನಾಲ್ಕು ಭಾಗಗಳಲ್ಲಿ ನೀರು ಬತ್ತಿಸಿ ಬೇಸಾಯ. ಉಳಿದುದು ಐಸೆಲ್ ನದಿಯ ನೀರಿನಿಂದ ಸಿಹಿನೀರ ಸರೋವರ.

ಅದೇ ವರ್ಷ ಆತ ಜಲಕಾರ್ಯಗಳ ಮಂತ್ರಿಯಾದನು. ಆದರೂ ತನ್ನ ಯೋಜನೆಯನ್ನು ತಾನೇ ಜಾರಿ ಮಾಡಲು ಹೊರಡಲಿಲ್ಲ. ಸರಕಾರಿ ಆಯೋಗದ ಮುಂದಿಟ್ಟನು. ಆಯೋಗ ಒಪ್ಪಿತು, ಮಂತ್ರಿಮಂಡಲ ಉಳಿಯಲಿಲ್ಲ. 1897ರಿಂದ 1901ರವರೆಗೆ ಮತ್ತೆ ಮಂತ್ರಿಯಾದಾಗಲೂ ಕೆಲಸ ಕೈಗೂಡಲಿಲ್ಲ. ಆದರೆ ಕಾರ್ಮಿಕರಿಗೆ ಅಪಘಾತ ಪರಿಹಾರ ನೀಡುವ ಕಾಯಿದೆ ಆ ಅವಧಿಯಲ್ಲಿ ಬಂತು. 1902ರಿಂದ ಮೂರು ವರ್ಷ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಗವರ್ನರನಾಗಿದ್ದನು. 1913ರಲ್ಲಿ ಮೂರನೆಯ ಬಾರಿ ಮಂತ್ರಿ.

1916ರ ಜನವರಿ 13ರ ರಾತ್ರಿ ಬಿರುಗಾಳಿಗೆ ಏರಿಗಳು ಒಡೆದವು. ಮಾರ್ಕೆನ್ ದ್ವೀಪವೊಂದರಲ್ಲೇ 16 ಮಂದಿ ಸತ್ತರು. ಮಹಾಯುದ್ಧದಿಂದ ಆಹಾರದ ಅಭಾವವೂ ಕೂಡಿತು. ಅಷ್ಟಾದ ಮೇಲೆ ನಾಡಿಗೆ ಲೆಲಿಯ ಮಾತು ಹಿಡಿಸಿತು. 1918ರ ಜೂನ್ 14ರಂದು ಕಾಯಿದೆಯಾಯಿತು.

ಬಾಯಿ ಮುಚ್ಚಿದರೆ ಹೊರಗಿನ ನೀರು ಎಷ್ಟು ಏರೀತು? ಇದನ್ನು ಲೆಕ್ಕ ಹಾಕುವ ಹೊಣೆ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಲೊರೆಂಟ್ಸ್‌ನ ಸಮಿತಿಗೆ ಬಂತು. ಎಂಟು ವರ್ಷ ದುಡಿದು ಅದು 1926ರಲ್ಲಿ ವರದಿ ಕೊಟ್ಟಿತು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಲಾರೆವು. ಉಪ್ಪುನೀರು ಹೋದರೆ ಕಡಲ ಮೀನೂ ಹೋಯಿತು. ಉರ್ಕ್, ವೊಲೆಂಡಾಂ ಮುಂತಾದ ಊರುಗಳ ಬೆಸ್ತರು ತಲೆತಲಾಂತರದ ಕಸುಬಿಗೆ ಎರವಾದರು. ಅವರಿಗಾಗಿ 1925ರಲ್ಲಿ ನೆರವಿನ ಕಾಯಿದೆ ಬಂತು. ಆದರೆ ದೋಣಿ ಮಾರಿದವನ ಬದುಕನ್ನು ಯಾವ ಕಾಯಿದೆ ತಾನೇ ಪೂರ್ತಿ ತುಂಬಿಕೊಟ್ಟೀತು?

ಕಟ್ಟೆ ಮುಗಿಯುವುದನ್ನು ಕಾಣುವ ಭಾಗ್ಯ ಲೆಲಿಗೆ ಇರಲಿಲ್ಲ. 1929ರ ಜನವರಿ 22ರಂದು ಹೇಗ್ ನಗರದಲ್ಲಿ ಆತ ತೀರಿಕೊಂಡನು. 1932ರ ಮೇ 28ರಂದು ಕೊನೆಯ ಕಿಂಡಿ ಮುಚ್ಚಿತು. ಕಡಲ ತಳದ ಗಟ್ಟಿಮಣ್ಣು, ಕಲ್ಲು, ಹೆಣೆದ ಕಡ್ಡಿಯ ಚಾಪೆಗಳಿಂದ ಎದ್ದ ಈ ಕಟ್ಟೆ 32 ಕಿಲೋಮೀಟರ್ ಉದ್ದ. ಹೆಚ್ಚಿನ ನೀರನ್ನು ಹೊರಬಿಡಲು 25 ತೂಬುಗಳನ್ನು ಕಟ್ಟಿದ್ದರು. 1933ರಲ್ಲಿ ಅದರ ಮೇಲೆ ರಸ್ತೆಯೂ ತೆರೆಯಿತು. 1953ರ ಮಹಾಪ್ರಳಯದಲ್ಲಿ ನಾಡಿನ ನೈಋತ್ಯ ಭಾಗದಲ್ಲಿ 1,836 ಜನ ಸತ್ತಾಗ ಕಟ್ಟೆಯ ಒಳಗಿನ ಊರುಗಳು ಉಳಿದವು. ಬತ್ತಿಸಿದ ನೆಲದಲ್ಲಿ ಎದ್ದ ಪಟ್ಟಣಕ್ಕೆ ಲೆಲಿಸ್ಟಾಡ್ ಎಂದೇ ಹೆಸರು.

ಯೋಜನೆಯಿಂದ ಕಟ್ಟೆಯವರೆಗೆ 41 ವರ್ಷ. ಎಷ್ಟೋ ಮಂತ್ರಿಮಂಡಲಗಳು ಬಂದು ಹೋದರೂ ಕಡತ ಮೂಲೆ ಸೇರಲಿಲ್ಲ. ಚುನಾವಣೆಗೊಂದು ಶಿಲಾನ್ಯಾಸ ಕಾಣುವ ನಮಗೆ ಲೆಲಿಯ ತಾಳ್ಮೆ ನೆನಪಿರಲಿ. ಆ ಬೆಸ್ತರ ನೆನಪೂ ಇರಲಿ.